ಮೂಲೆಯಂಗಡಿಯ ಗೋಡೆಗಳು ಬಿದ್ದ ವರ್ಷ

ಅವಳಿಗೆ ಗ್ಲಾಸಕ್ಕ ಎಂದು ಹೆಸರಿಟ್ಟವರು ಯಾರೆಂದು ಕೇಳಿದರೆ ಆ ಬಾರಿನ ಹಳೇ ಗಿರಾಕಿಗಳೆಲ್ಲ ನಾನು ತಾನು ಎಂದು ಮುಂದೆ ಬರುತ್ತಿದ್ದರು. ಹೆಸರು ಮಾತ್ರ ಸರಿಯಾಗಿ ಕೂತಿತ್ತು. ಯಾರ ಜೊತೆ ಮಾತಾಡುತ್ತಿದ್ದರೂ ಅವಳ ಕೈಯಲ್ಲೊಂದು ಗ್ಲಾಸು, ಹೆಗಲ ಮೇಲೊಂದು ಬಿಳಿ ಬಟ್ಟೆ. ಒರೆಸಿದ್ದನ್ನೇ ಮತ್ತೆ ಒರೆಸಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವಾಗ ಗಾಜಿನ ಆಚೆಗಿದ್ದವನ ಮುಖವನ್ನೂ ಅಳೆದುಬಿಡುತ್ತಿದ್ದಳು. “ಇವತ್ತು ನಿಮಗೆ ಒಂದೇ ಸಾಕು” ಎಂದರೆ ಒಂದೇ. ಅವಳೆದುರು ವಾದ ಮಾಡಿ ಗೆದ್ದವರು ಆ ಬೀದಿಯಲ್ಲಿರಲಿಲ್ಲ.

ಬಾರಿನ ಬೋರ್ಡಿನ ಮೇಲೆ ಬೇರೇನೋ ಹೆಸರಿತ್ತು. ಬಿಸಿಲಿಗೆ ಮಾಸಿ ಓದಲಾಗದಂತಾಗಿತ್ತು. ಎರಡು ಬೀದಿ ಕೂಡುವ ತಿರುವಿನಲ್ಲಿದ್ದುದರಿಂದ ಎಲ್ಲರೂ ಮೂಲೆಯಂಗಡಿ ಎನ್ನುತ್ತಿದ್ದರು. ಅದರಲ್ಲೊಂದು ಅನುಕೂಲವೂ ಇತ್ತು. “ಮೂಲೆಯಂಗಡಿಗೆ ಹೋಗಿ ಬರ್ತೀನಿ” ಎಂದು ಮನೆಯಲ್ಲಿ ಹೇಳಿ ಹೊರಟರೆ ಸುಳ್ಳು ಹೇಳಿದಂತಾಗುತ್ತಿರಲಿಲ್ಲ. ಹೆಂಡತಿಯರೇನು ಪೆದ್ದರೇ? “ಹಾಗೇ ಬರ್ತಾ ಸೋಪು ತನ್ನಿ” ಎಂದು ಬೇಕೆಂದೇ ಹೇಳಿ ಕಳಿಸುತ್ತಿದ್ದರು.

ಅಕ್ಕ ಇಷ್ಟಪಟ್ಟು ಅಲ್ಲಿಗೆ ಬಂದವಳಲ್ಲ. ಅವಳ ಗಂಡ ಅಲ್ಲಿ ಪೆಟ್ಟಿಗೆ ಹೊರುತ್ತಿದ್ದ. ಒಂದು ಬೆಳಗ್ಗೆ ಲಾರಿಯಿಂದ ಬಿಯರ್ ಪೆಟ್ಟಿಗೆ ಇಳಿಸುತ್ತಿದ್ದವನು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ, ಮತ್ತೆ ಏಳಲಿಲ್ಲ. ಆಗ ಅವಳ ಮಗಳಿಗೆ ಇನ್ನೂ ನಡಿಗೆ ಬಂದಿರಲಿಲ್ಲ. ಕೆಲವು ದಿನ ಕಳೆದ ಮೇಲೆ ಬಾರಿನ ಯಜಮಾನರು ಮನೆಗೆ ಬಂದು, ಹೊಸ್ತಿಲ ಆಚೆಯೇ ನಿಂತು, “ಹಿಂದುಗಡೆ ಗ್ಲಾಸು ತೊಳೆಯೋ ಕೆಲಸ ಇದೆಯಮ್ಮಾ. ಮುಂದಕ್ಕೆ ಬರೋದೇನೂ ಬೇಡ” ಎಂದರು.

“ಹೆಣ್ಣುಹೆಂಗಸು ಅಂಥ ಕಡೆ ಕಾಲಿಡೋದಾ?” ಎಂದು ಅತ್ತೆ ಒಳಗಿನಿಂದಲೇ ಕೇಳಿದರು.

“ಯಾರು ತೊಳೀತಾರೆ ಅಂತ ಗ್ಲಾಸಿಗೇನು ಗೊತ್ತಾಗುತ್ತೆ ಅತ್ತೆ” ಎಂದು ಇವಳು ಮರುದಿನವೇ ಸೆರಗು ಸಿಕ್ಕಿಸಿ ಹೊರಟಳು.

ಹಿಂದಿನಿಂದ ಮುಂದಕ್ಕೆ ಬಂದದ್ದೂ ಹಾಗೆಯೇ. ಕೌಂಟರಿನಲ್ಲಿ ನಿಲ್ಲುತ್ತಿದ್ದವನು ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟ. ಅಂದಿನ ಮಟ್ಟಿಗೆ ಎಂದು ಅಲ್ಲಿ ನಿಂತವಳು ತಲೆ ನರೆಯುವ ತನಕ ಅಲ್ಲೇ ನಿಂತಳು. ಮೊದಮೊದಲು ಕಷ್ಟವಾದದ್ದು ಗಿರಾಕಿಗಳಿಗೆ. ಹೆಂಗಸಿನ ಎದುರು ಬಾಯಿಗೆ ಬಂದ ಬೈಗುಳವನ್ನು ಅರ್ಧಕ್ಕೇ ನುಂಗಿ ಕೆಮ್ಮುತ್ತಿದ್ದರು. “ಆ ತಿಂಗಳು ನಮಗೆಲ್ಲ ಕೆಮ್ಮು ಹಿಡಿದಿತ್ತಪ್ಪ” ಎಂದು ಟ್ಯಾಕ್ಸಿ ಓಡಿಸುವ ಒಬ್ಬರು ಎಷ್ಟೋ ವರ್ಷ ಹೇಳಿ ನಗಿಸುತ್ತಿದ್ದರು. ಆಮೇಲೆ ಅವಳು ಹೆಂಗಸೆಂಬುದೇ ಅವರಿಗೆ ಮರೆತುಹೋಯಿತು. ಬೈಗುಳಗಳು ಪೂರ್ತಿಯಾಗಿ ಹೊರಬಂದವು.

ಒಳಗೆ ಮೂಲೆಯಂಗಡಿ ಒಂದೇ ಕೋಣೆಯಾಗಿರಲಿಲ್ಲ. ಎದೆಮಟ್ಟದ ಮರದ ಅಡ್ಡಗೋಡೆ, ಅದರ ಮೇಲೆ ಮಸುಕು ಗಾಜು ಹಾಕಿ ಪುಟ್ಟ ಪುಟ್ಟ ಗೂಡುಗಳಂತೆ ಮಾಡಿದ್ದರು. ಹೊಗೆಗೂ ವರ್ಷಗಳಿಗೂ ಮರ ಕಪ್ಪಾಗಿ, ಜನ ಬೆನ್ನು ಒರಗಿಸುತ್ತಿದ್ದ ಕಡೆ ಮಾತ್ರ ನುಣುಪಾಗಿ ಹೊಳೆಯುತ್ತಿತ್ತು. ಪಕ್ಕದ ಗೂಡಿನವರ ದನಿ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅದಕ್ಕೇ ಅಲ್ಲಿ ಮಾತು ಸಲೀಸಾಗಿತ್ತು. ನಲ್ಲಿ ರಿಪೇರಿಯ ಭಾವ ಮೈದುನ ಇಬ್ಬರಿದ್ದರು; ಹಗಲೆಲ್ಲ ಒಂದೇ ಕೊಳಾಯಿ ಹಿಡಿದು ಜಗಳಾಡಿ, ಸಂಜೆ ಒಂದೇ ಅಡ್ಡಗೋಡೆಯ ಆಚೆಗೊಬ್ಬ ಈಚೆಗೊಬ್ಬ ಕೂರುತ್ತಿದ್ದರು. ಎರಡನೇ ಗ್ಲಾಸಿನ ಹೊತ್ತಿಗೆ ಗೋಡೆಯ ಮೂಲಕವೇ ರಾಜಿಯಾಗುತ್ತಿತ್ತು. ಎದುರುಬದುರು ಕೂತಿದ್ದರೆ ಅದು ಆಗುತ್ತಿರಲಿಲ್ಲ ಎಂದು ಅವರೇ ಹೇಳುತ್ತಿದ್ದರು.

ಹಿತ್ತಲ ಕಿಟಕಿಯ ಪಕ್ಕದ ತೀರ ಸಣ್ಣ ಗೂಡು ಅಲ್ಪವಿರಾಮದವರದು. ಅವರು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಎರಡು ಪದಕ್ಕೊಮ್ಮೆ ನಿಂತು ಉಸಿರು ತೆಗೆದುಕೊಂಡು ಮಾತಾಡುತ್ತಿದ್ದರಿಂದ ಆ ಹೆಸರು. “ಅಕ್ಕ, ಒಂದು ಸಣ್ಣದು, ನೀರು ಬೇರೆ, ಆಮೇಲೆ, ಕಡಲೆಕಾಯಿ” ಎಂದು ಅವರು ಕೇಳಿ ಮುಗಿಸುವಷ್ಟರಲ್ಲಿ ಅಕ್ಕ ತಂದಿಟ್ಟಾಗಿರುತ್ತಿತ್ತು. ಕಡಲೆಕಾಯಿಯ ಸಿಪ್ಪೆಯನ್ನು ಒಂದೂ ಕೆಳಗೆ ಬೀಳದಂತೆ ಕರ್ಚೀಫಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಅಷ್ಟು ವರ್ಷದಲ್ಲಿ ಅವರು ತಮ್ಮ ಮನೆಯ ಸುದ್ದಿ ಎತ್ತಿದ್ದಿಲ್ಲ, ಯಾರೂ ಕೇಳಿದ್ದೂ ಇಲ್ಲ. ಅಲ್ಲಿ ಹಾಗೆ ಕೇಳುವ ರೂಢಿಯಿರಲಿಲ್ಲ.

ಇನ್ನೊಂದು ರೂಢಿಯಿತ್ತು. ಯಾರಾದರೂ ಎರಡು ಸಂಜೆ ಕಾಣದಿದ್ದರೆ “ಎಲ್ಲಪ್ಪ ಇವನು?” ಎಂಬ ಮಾತು ಗೂಡಿನಿಂದ ಗೂಡಿಗೆ ಹೋಗುತ್ತಿತ್ತು. ಅವನ ಮನೆ ಬಲ್ಲವನು ಒಬ್ಬನಾದರೂ ಇರುತ್ತಿದ್ದ, ಇಲ್ಲವೇ ಹುಡುಕುತ್ತಿದ್ದರು. ಟ್ಯಾಕ್ಸಿಯವರು ಒಮ್ಮೆ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಾಗ ಅವರನ್ನು ಆಸ್ಪತ್ರೆಗೆ ಹೊತ್ತವರು ಆ ಭಾವ ಮೈದುನರೇ. ತಲೆಯ ಕಡೆ ಯಾರು ಹಿಡಿಯಬೇಕೆಂದು ದಾರಿಯುದ್ದಕ್ಕೂ ಜಗಳಾಡುತ್ತಲೇ ಹೊತ್ತಿದ್ದರು.

ಯಜಮಾನರಿಗೆ ವಯಸ್ಸಾಯಿತು. ಒಂದು ಕೈ ಒಂದು ಕಾಲು ಸ್ವಾಧೀನ ತಪ್ಪಿದ ಮೇಲೆ ಮಗಳು ಅಂಗಡಿ ನೋಡಿಕೊಳ್ಳಲು ಬಂದಳು. ದೊಡ್ಡ ಹೋಟೆಲುಗಳಲ್ಲಿ ಕೆಲಸ ಮಾಡಿ ಪಳಗಿದವಳು. ಚಿಕ್ಕಂದಿನಲ್ಲಿ ಹಿತ್ತಲಲ್ಲಿ ಬಾಟಲಿ ಮುಚ್ಚಳ ಆರಿಸಿಕೊಂಡು ಆಡುತ್ತಿದ್ದ ಅವಳನ್ನು ಅಕ್ಕ ಪುಟ್ಟಿ ಎನ್ನುತ್ತಿದ್ದಳು. ಈಗ “ಮೇಡಂ” ಎನ್ನಲು ಹೋದರೆ, “ಹಾಗೆ ಕರೆದ್ರೆ ನಾನು ತಿರುಗೇ ನೋಡಲ್ಲ” ಎಂದು ಗದರಿದಳು. ಹಾಗಾಗಿ ಪುಟ್ಟಿ ಎಂದೇ ಉಳಿಯಿತು.

ಪುಟ್ಟಿ ಒಂದು ವಾರ ಸುಮ್ಮನೆ ಮೂಲೆಯಲ್ಲಿ ಕೂತು ನೋಡಿದಳು. ಸೋರುವ ಸೂರು, ಗೋಡೆಯೊಳಗೆ ಸುಟ್ಟು ಕರಕಲಾದ ವೈರು, ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದ ಗಿರಾಕಿಗಳು. ಒಂದು ಮಧ್ಯಾಹ್ನ ಅಕ್ಕನನ್ನು ಕರೆದು ಹೇಳಿದಳು: “ಎಲ್ಲ ತೆಗೆಸಿ ಹೊಸದಾಗಿ ಕಟ್ಟಿಸ್ತೀನಿ. ಈ ಗೂಡುಗಳೂ ಹೋಗ್ಬೇಕು.”

ಅಕ್ಕ ಒರೆಸುತ್ತಿದ್ದ ಗ್ಲಾಸನ್ನು ಕೆಳಗಿಟ್ಟಳು. “ಗೂಡು ಹೋದ್ರೆ ಇನ್ನೇನು ಉಳಿಯುತ್ತೆ ಪುಟ್ಟಿ?”

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಲ್ಲಿ ನಿಮಗೆ ಶೌಚಾಲಯ ಎಲ್ಲಿದೆ?”

ಅಂಥದೊಂದು ಅಲ್ಲಿ ಇರಲಿಲ್ಲ. ಇದ್ದದ್ದೊಂದು ಗಂಡಸರದು. ಇಷ್ಟು ವರ್ಷವೂ ಅವಳು ಹಿಂದಿನ ಗಲ್ಲಿಯ ಹೊಲಿಗೆಯವರ ಮನೆಗೆ ಓಡಿಹೋಗಿ, ಅವರ ಸೊಸೆಯ ಮುಖ ನೋಡಿಕೊಂಡು, ಆ ಸೊಸೆಗೆ ಸಿಟ್ಟು ಬಂದ ದಿನ ತಡೆದುಕೊಂಡು ಕಾಲ ಕಳೆದಿದ್ದಳು. ಹೆತ್ತ ಮಗಳು ಒಂದು ದಿನವೂ ಈ ಹೊಸ್ತಿಲು ತುಳಿದಿರಲಿಲ್ಲ. ಅಮ್ಮ ಏನು ಮಾಡ್ತಾರೆ ಎಂದು ಶಾಲೆಯಲ್ಲಿ ಕೇಳಿದರೆ “ಅಂಗಡಿಯಲ್ಲಿದ್ದಾರೆ” ಎಂದು ಮಾತು ಹಾರಿಸುತ್ತಿದ್ದಳು. ಅಕ್ಕ ಹೆಗಲ ಮೇಲಿನ ಬಟ್ಟೆ ತೆಗೆದು ಮಡಚಿಟ್ಟಳು.

“ಸರಿ, ಕಟ್ಟಿಸು” ಎಂದಳು.

ಮುಚ್ಚುವ ಮುಂಚಿನ ಸಂಜೆ ಎಲ್ಲರೂ ಬಂದಿದ್ದರು. ಯಾರೂ ಭಾಷಣ ಮಾಡಲಿಲ್ಲ. ಅಲ್ಪವಿರಾಮದವರು ಕರ್ಚೀಫು ಕಟ್ಟಿಕೊಂಡು ಕೌಂಟರಿನ ಬಳಿ ಬಂದರು.

“ಎಷ್ಟು ದಿನ, ಅಕ್ಕ, ಆಗಬಹುದು?”

“ಎರಡು ತಿಂಗಳು ಅಂತಿದ್ದಾರೆ.”

“ಹಾಗಾದ್ರೆ, ಬರ್ತೀನಿ, ಆಮೇಲೆ.”

ಅವರು ಬಾಗಿಲ ಬಳಿ ನಿಂತು ಒಮ್ಮೆ ಹಿಂತಿರುಗಿ ನೋಡಿದರು. ನೀವಿರೋದು ಎಲ್ಲಿ ಎಂದು ಕೇಳಬೇಕೆಂದು ಅಕ್ಕನಿಗೆ ಅನಿಸಿತು. ಅಷ್ಟರಲ್ಲಿ ಮೈದುನ “ಅಕ್ಕ, ಇನ್ನೊಂದು!” ಎಂದು ಕೂಗಿದ. ಅವಳು ಆ ಕಡೆ ತಿರುಗಿದಳು.

ಒಡೆಯುವುದನ್ನು ನೋಡಲು ಹೋಗಬಾರದೆಂದುಕೊಂಡಿದ್ದವಳು ಎರಡನೇ ದಿನವೇ ಹೋಗಿ ಎದುರಿನ ಕಟ್ಟೆಯ ಮೇಲೆ ಕೂತಳು. ಅಡ್ಡಗೋಡೆಗಳು ಸುಲಭಕ್ಕೆ ಬರಲಿಲ್ಲ. ಕೆಲಸದವರು ಹಾರೆ ಹಾಕಿ ಮೀಟಿದಾಗ ಮರ ನರಳಿತು. ಹಿಂದಿನ ಸಂದುಗಳಿಂದ ಬಾಚಣಿಗೆ, ಬಸ್ ಟಿಕೆಟು, ಹಲ್ಲಿಲ್ಲದ ಬೀಗದ ಕೈ, ಒಂದು ಕನ್ನಡಕ ಉದುರಿದವು. ಕನ್ನಡಕವನ್ನು ಮೇಸ್ತ್ರಿ ಹಾಕಿಕೊಂಡು ಕುಣಿದ, ಉಳಿದವರು ನಕ್ಕರು. ಅಕ್ಕನಿಗೂ ನಗು ಬಂತು, ಬಂದದ್ದಕ್ಕೆ ಸಂಕಟವೂ ಆಯಿತು. ಮಸುಕು ಗಾಜುಗಳನ್ನು ಜೋಪಾನವಾಗಿ ಇಳಿಸಿ ಗೋಡೆಗೆ ಒರಗಿಸಿಟ್ಟರು. ಸಂಜೆಯ ಹೊತ್ತಿಗೆ ಬೀದಿಯಿಂದ ಹಿತ್ತಲಿನವರೆಗೂ ಕಣ್ಣು ನೇರವಾಗಿ ಹಾಯುತ್ತಿತ್ತು. ಇಷ್ಟೇನಾ ಇದ್ದದ್ದು ಎನಿಸಿತು. ಅಷ್ಟು ಜನ, ಅಷ್ಟು ಮಾತು ಇಷ್ಟರಲ್ಲೇ ಹಿಡಿದಿತ್ತೇ?

ಎರಡು ತಿಂಗಳೆಂದದ್ದು ಮಳೆಗಾಲ ದಾಟಿ ಚಳಿಯವರೆಗೆ ಎಳೆಯಿತು. ಅಕ್ಕ ಅಷ್ಟು ದಿನ ಒಂದು ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಕೆಲಸಕ್ಕೆ ಹೋದಳು. ಒಮ್ಮೆ ಸಿಗ್ನಲ್ಲಿನಲ್ಲಿ ಟ್ಯಾಕ್ಸಿಯವರು ಸಿಕ್ಕಿದರು.

“ಎಲ್ಲರೂ ಹೇಗಿದ್ದಾರೆ?” ಎಂದು ಅಕ್ಕ ಕೇಳಿದಳು.

“ಯಾರು ಎಲ್ಲರೂ? ನಾನು ಒಬ್ಬರನ್ನೂ ನೋಡಿಲ್ಲ ಅಕ್ಕ. ಯಾರನ್ನ ಎಲ್ಲಿ ಅಂತ ಹುಡುಕೋದು?” ಎನ್ನುವಷ್ಟರಲ್ಲಿ ಹಸಿರು ದೀಪ ಬಂತು, ಹಿಂದಿನವರು ಹಾರನ್ ಹೊಡೆದರು, ಅವರು ಹೋದರು.

ಹೊಸ ಮೂಲೆಯಂಗಡಿ ತೆರೆದಾಗ ಊರೇ ಬಂದು ನೋಡಿತು. ಚೆನ್ನಾಗಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಒಂದೇ ಉದ್ದನೆಯ ಕೋಣೆ, ಬೀದಿಗೆ ಕಾಣುವ ದೊಡ್ಡ ಗಾಜು, ಸೂರಿನಿಂದ ಇಳಿಬಿಟ್ಟ ದೀಪಗಳು. ಹಳೆಯ ಮಸುಕು ಗಾಜನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಅದರ ಹಿಂದೆ ಈಗ ಯಾರೂ ಇರಲಿಲ್ಲ. ಹೆಂಗಸರಿಗೆ ಬೇರೆಯೇ ಶೌಚಾಲಯ, ಅದರಲ್ಲಿ ಕನ್ನಡಿ. ಮೊದಲ ದಿನ ಅಕ್ಕ ಒಳಗೆ ಹೋಗಿ ಚಿಲಕ ಹಾಕಿಕೊಂಡು, ಕೆಲಸವಿಲ್ಲದಿದ್ದರೂ ಸ್ವಲ್ಪ ಹೊತ್ತು ನಿಂತಿದ್ದು ಬಂದಳು.

ಗ್ಲಾಸು ತೊಳೆಯಲು ಯಂತ್ರ ಬಂದಿತ್ತು. ಅಕ್ಕನಿಗೆ ಕಪ್ಪು ಅಂಗಿ ಕೊಟ್ಟು ಎದೆಯ ಮೇಲೆ ಹೆಸರಿನ ಬಿಲ್ಲೆ ಸಿಕ್ಕಿಸಿದ್ದರು. ಟ್ಯಾಕ್ಸಿಯವರು ಬಂದವರೇ ಬಗ್ಗಿ ಅದನ್ನು ಓದಿ, “ಇದು ಯಾರದು ಅಕ್ಕ?” ಎಂದರು.

“ನಂದೇ.”

“ಇಷ್ಟು ವರ್ಷ ಹೇಳ್ಲೇ ಇಲ್ಲ!”

“ನೀವು ಕೇಳಲಿಲ್ಲ.”

ಮೊದಲ ವಾರವೇ ಅವಳ ಮಗಳು ಆಫೀಸಿನ ಗೆಳತಿಯರ ಜೊತೆ ಬಂದಳು. ಕಿಟಕಿಯ ಪಕ್ಕ ಕೂತು, ತಾಯಿ ಕೌಂಟರಿನಲ್ಲಿ ನಿಂತು ನಾಲ್ಕು ಕಡೆಯ ಮಾತಿಗೆ ಒಟ್ಟಿಗೇ ಉತ್ತರಿಸುವುದನ್ನು ನೋಡುತ್ತಿದ್ದಳು. “ಅವರು ನಮ್ಮಮ್ಮ” ಎಂದು ಗೆಳತಿಯರಿಗೆ ಹೇಳಿದ್ದು ಹಾಡಿನ ಸದ್ದಿನಲ್ಲಿ ಅಕ್ಕನಿಗೆ ಕೇಳಿಸಲಿಲ್ಲ; ಬಾಯಿ ಆಡಿದ ರೀತಿಯಲ್ಲೇ ಗೊತ್ತಾಯಿತು. ಅವಳು ಬಗ್ಗಿ, ಕೆಳಗಿನ ಖಾನೆಯಲ್ಲಿ ಏನೋ ಹುಡುಕುವವಳಂತೆ ಮುಖ ಒರೆಸಿಕೊಂಡಳು.

ಹಳಬರದು ಬೇರೆಯೇ ಪಾಡು. ಒರಗಲು ಬೆನ್ನಿಲ್ಲದ ಎತ್ತರದ ಸ್ಟೂಲುಗಳನ್ನು ಹತ್ತಲು ಮೊಣಕಾಲು ಒಪ್ಪುತ್ತಿರಲಿಲ್ಲ. “ಏಣಿ ಕೊಡ್ತೀರಾ, ಇಲ್ಲ ನಾವೇ ತರ್ಬೇಕಾ?” ಎಂದು ಟ್ಯಾಕ್ಸಿಯವರು ಕೇಳಿದರು. ಭಾವ ಮೈದುನ ಎದುರುಬದುರು ಕೂತರು. ದೀಪ ಸರಿಯಾಗಿ ಇಬ್ಬರ ಮುಖದ ಮೇಲೇ ಬೀಳುತ್ತಿತ್ತು. ಹಾಡಿನ ಗದ್ದಲದಲ್ಲಿ ಮಾತು ಹೊರಡದೆ ಒಬ್ಬರನ್ನೊಬ್ಬರು ನೋಡುತ್ತ ಕೂತಿದ್ದು, ಕೊನೆಗೆ ಭಾವ ಎದ್ದು, “ಇವನ ಮುಖ ನೋಡೋಕೆ ಇಲ್ಲಿಗೇ ಬರ್ಬೇಕಾ, ಮನೇಲೇ ಇದೆಯಲ್ಲ” ಎಂದ. ಮತ್ತೆ ಅವರು ಬರಲಿಲ್ಲ. ಯಜಮಾನರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಪುಟ್ಟಿಯೇ ಕರೆತಂದಳು. ಅವರು ಸೂರಿನಿಂದ ನೆಲದವರೆಗೆ ನಿಧಾನವಾಗಿ ಕಣ್ಣಾಡಿಸಿ, “ಚೆನ್ನಾಗಿದೆ. ಯಾರದು ಅಂಗಡಿ?” ಎಂದು ಕೇಳಿದರು. ತಮಾಷೆಗೆ ಕೇಳಿದರೋ, ನಿಜಕ್ಕೂ ಗೊತ್ತಾಗಲಿಲ್ಲವೋ ಎಂದು ಮಗಳಿಗೂ ತಿಳಿಯಲಿಲ್ಲ.

ಅಲ್ಪವಿರಾಮದವರು ಮಾತ್ರ ಬರಲೇ ಇಲ್ಲ.

ಸುದ್ದಿ ಮುಟ್ಟಿರಲಿಕ್ಕಿಲ್ಲ ಎಂದು ಅಕ್ಕ ಕೆಲವು ದಿನ ಕಾದಳು. ಆಮೇಲೆ ತನ್ನ ರಜೆಯ ದಿನ ಟ್ಯಾಕ್ಸಿಯವರ ಜೊತೆ ಹೊರಟಳು. ಮುದ್ರಣಾಲಯದಲ್ಲಿ ಅವರನ್ನು ಬಲ್ಲವರು ಹೆಚ್ಚಿರಲಿಲ್ಲ. ಪುಸ್ತಕ ಹೊಲಿಯುವ ಒಬ್ಬ ಮುದುಕಿ, “ಹಿಟ್ಟಿನ ಗಿರಣಿ ಹಿಂದುಗಡೆ ಬಾಡಿಗೆ ಕೋಣೆಗಳಿವೆ ನೋಡಿ, ಅಲ್ಲಿ ಕೇಳಿ” ಎಂದಳು. ಗಿರಣಿಯ ಹಿಂದಿನ ಮನೆಯ ಒಡತಿ ಬಟ್ಟೆ ಒಣಹಾಕುತ್ತಿದ್ದವರು ಕೈ ನಿಲ್ಲಿಸಿದರು.

“ಅವರಾ? ಅವರು ಹೋಗಿ ತಿಂಗಳುಗಳೇ ಆಯ್ತಲ್ಲಮ್ಮ. ಮಳೆಗಾಲದಲ್ಲಿ ಕೋಣೆಯಲ್ಲೇ ಬಿದ್ದಿದ್ರು. ನಾನೂ ಊರಲ್ಲಿರ್ಲಿಲ್ಲ. ಹಾಲಿನವನು ಬಾಗಿಲು ಬಡಿದು ಬಡಿದು, ಆಮೇಲೆ ಒಡೆಸಿದ. ಉಸಿರಿತ್ತು. ಆಸ್ಪತ್ರೆಯಲ್ಲಿ ಹೋದ್ರು. ಯಾರೂ ಬರ್ಲಿಲ್ಲ ಅಂತ ಮುನಿಸಿಪಾಲಿಟಿಯವರೇ ಎಲ್ಲ ಮುಗಿಸಿದ್ರು.”

ಟ್ಯಾಕ್ಸಿಯವರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಒಡತಿ ಮುಂದುವರಿಸಿದರು: “ಸಂಜೆಯಾದ್ರೆ ‘ನಮ್ಮವರನ್ನ ನೋಡಿ ಬರ್ತೀನಿ’ ಅಂತ ಹೋಗ್ತಿದ್ರು. ತಮ್ಮನ ಮನೆಯೋ ಏನೋ ಇರ್ಬೇಕು ಅಂದ್ಕೊಂಡಿದ್ದೆ. ಕೊನೆಕೊನೆಗೆ ಅದೂ ಬಿಟ್ರು, ಹೊರಗೇ ಹೋಗ್ತಿರ್ಲಿಲ್ಲ. ಅವರಿಗೆ ಯಾರೂ ಇಲ್ಲ ಅಂತ ಆಮೇಲೆ ಗೊತ್ತಾಯ್ತು.”

“ನಾವಿದ್ವಿ” ಎಂದಳು ಅಕ್ಕ.

“ಮತ್ತೆ ಎಲ್ಲಿದ್ರಿ?”

ಅದರಲ್ಲಿ ಚುಚ್ಚುವ ದನಿಯಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಕೇಳಿದ್ದು. ಒಡತಿ ಕುಡಿಯಲು ನೀರು ಕೊಟ್ಟರು. ಕುಡಿದು, ಆ ಕೋಣೆಯ ಮುಚ್ಚಿದ ಬಾಗಿಲನ್ನು ಒಮ್ಮೆ ನೋಡಿ ಇಬ್ಬರೂ ಹೊರಬಂದರು.

ಮರುದಿನ ಬಾಗಿಲು ತೆರೆಯುವ ಮುಂಚೆ ಅಕ್ಕ ಪುಟ್ಟಿಗೆ ಎಲ್ಲ ಹೇಳಿದಳು. ಪುಟ್ಟಿ ಕೈಯಲ್ಲಿದ್ದ ಬೀಗದ ಕೈಯನ್ನು ಕೌಂಟರಿನ ಮೇಲಿಟ್ಟಳು. “ಗೂಡು ಇದ್ದಿದ್ರೂ ಅವರು ಬೀಳ್ತಿದ್ರು ಅಕ್ಕ.”

“ಬೀಳ್ತಿದ್ರು. ಆದ್ರೆ ‘ಎಲ್ಲಪ್ಪ ಇವರು’ ಅಂತ ಯಾರಾದ್ರೂ ಕೇಳ್ತಿದ್ರು.”

“ಈಗ ನಾನೇನು ಮಾಡ್ಲಿ? ಮತ್ತೆ ಗೋಡೆ ಕಟ್ಟಿಸ್ಲಾ?”

ಕೋಪವೂ ಅಳುವೂ ಬೆರೆತ ಆ ದನಿ ಕೇಳಿ ಅಕ್ಕ ಅವಳ ಹೆಗಲ ಮೇಲೆ ಕೈಯಿಟ್ಟಳು. “ನಿನ್ನ ತಪ್ಪು ಅಂತ ನಾನು ಹೇಳ್ತಿಲ್ಲ ಪುಟ್ಟಿ. ಆಫೀಸಿನವರು ಬರೋದು ಸಂಜೆ. ಅಲ್ಲೀವರೆಗೂ ಹಾಡು ನಿಲ್ಲಿಸು. ಹಿತ್ತಲ ಕಡೆ ಬೆನ್ನಿರೋ ಕುರ್ಚಿ ಹಾಕಿಸು. ಉಳಿದಿದ್ದು ನನಗೆ ಬಿಡು.”

ಪುಟ್ಟಿ ಎರಡನ್ನೂ ಮಾಡಿಸಿದಳು. ಅಕ್ಕ ಉಳಿದವರನ್ನು ಹುಡುಕಿಕೊಂಡು ಹೋದಳು. ಕೆಲವರು ಸಿಕ್ಕಲಿಲ್ಲ. ಕೆಲವರು ಬೇರೆ ಕಡೆ ಒಗ್ಗಿಕೊಂಡಿದ್ದರು. ಭಾವ ಮೈದುನರ ಮನೆಗೆ ಹೋದರೆ, ಇಬ್ಬರೂ ಜಗಳಾಡಿ ಮಾತು ಬಿಟ್ಟು ಬೇರೆಬೇರೆ ಕೆಲಸ ಹಿಡಿದಿದ್ದರು. “ಅವನು ಬಂದ್ರೆ ನಾನು ಬರಲ್ಲ” ಎಂದ ಭಾವ. ಮೈದುನನೂ ಅದನ್ನೇ ಹೇಳಿದ. ಅವರನ್ನು ಒಂದುಗೂಡಿಸುವುದು ಅಕ್ಕನ ಕೈಯಲ್ಲೂ ಆಗಲಿಲ್ಲ. ಹೇಗೋ ನಾಲ್ಕೈದು ಜನ ಮಧ್ಯಾಹ್ನ ಬರತೊಡಗಿದರು. ಹಾಡಿಲ್ಲದಿದ್ದರೂ ಆ ಬೋಳು ಕೋಣೆಯಲ್ಲಿ ಆಡಿದ ಮಾತೆಲ್ಲ ಎಲ್ಲರಿಗೂ ಕೇಳುತ್ತಿತ್ತು, ಅದಕ್ಕೇ ಎಲ್ಲರೂ ನೋಡಿಕೊಂಡು ಮಾತಾಡುತ್ತಿದ್ದರು. ಹಳೆಯ ಮೂಲೆಯಂಗಡಿ ತಿರುಗಿ ಬರಲಿಲ್ಲ. ಅದು ಬರುವುದಿಲ್ಲವೆಂದು ಅಕ್ಕನಿಗೂ ಅರಿವಿತ್ತು.

ಆದರೆ ಹೊಸಬರಲ್ಲಿ ಒಬ್ಬಳು ಅಲ್ಲಿಗೇ ಅಂಟಿಕೊಂಡಳು. ಆಸ್ಪತ್ರೆಯ ನರ್ಸು. ಪಾಳಿ ಮುಗಿಸಿ ಮಧ್ಯಾಹ್ನ ಒಬ್ಬಳೇ ಬಂದು, ಹಿತ್ತಲ ಕಡೆಯ ಕುರ್ಚಿಯಲ್ಲಿ ಕೂತು, ಒಂದು ತಣ್ಣನೆಯ ಬಿಯರ್ ಹಿಡಿದು ಚಪ್ಪಲಿ ಬಿಚ್ಚಿ ಕಾಲು ಚಾಚುತ್ತಿದ್ದಳು. ಹಳೆಯ ಅಂಗಡಿಗಾಗಿದ್ದರೆ ಅವಳು ಬರುತ್ತಲೇ ಇರಲಿಲ್ಲ, ಬಂದಿದ್ದರೂ ಬಾಗಿಲಲ್ಲೇ ನಾಲ್ಕು ಜೊತೆ ಕಣ್ಣು ತಿರುಗಿಸಿ ಕಳಿಸುತ್ತಿದ್ದವು. ಟ್ಯಾಕ್ಸಿಯವರು ಅವಳಿಗೆ ಕೆಮ್ಮಿನ ಕತೆ ಹೇಳಿದರು. ಅವಳು ಅವರ ಕಾಲಿನ ಊತ ನೋಡಿ ಉಪ್ಪು ಬಿಡಿ ಎಂದು ಬೈದಳು. ಬೈಸಿಕೊಳ್ಳಲೆಂದೇ ಅವರು ಬೇಗ ಬರತೊಡಗಿದರು.

ಅಕ್ಕ ಅಲ್ಲಿ ಇನ್ನೂ ಕೆಲವು ವರ್ಷ ನಿಂತಳು. ಹೊಸದಾಗಿ ಬಂದು ಎರಡು ಮೂರು ಸಲ ಮುಖ ಕಂಡವರನ್ನೆಲ್ಲ “ನೀವಿರೋದು ಎಲ್ಲಿ?” ಎಂದು ಕೇಳುವುದು ಅವಳಿಗೆ ಚಟವೇ ಆಯಿತು. ಕೆಲವರಿಗೆ ಅದು ಹಿಡಿಸುತ್ತಿರಲಿಲ್ಲ. ಯಾಕೆ ಕೇಳ್ತೀರಿ ಎಂದು ಮುಖ ಗಂಟಿಕ್ಕುತ್ತಿದ್ದರು. ಅಕ್ಕ ಬೇಸರಪಟ್ಟುಕೊಳ್ಳದೆ, “ಸುಮ್ನೆ, ಗೊತ್ತಿರ್ಲಿ ಅಂತ” ಎನ್ನುತ್ತಿದ್ದಳು. ಕಾಲು ನಿಲ್ಲಲಾರದಂತಾದ ಮೇಲೆ ಕೆಲಸ ಬಿಟ್ಟು ಮಗಳ ಮನೆಗೆ ಹೋದಳು.

ಈಗಲೂ ಎಂದಾದರೊಮ್ಮೆ ಮಗಳ ಕೈ ಹಿಡಿದುಕೊಂಡು ಮಧ್ಯಾಹ್ನ ಅಲ್ಲಿಗೆ ಬರುತ್ತಾಳೆ. ಒಂದು ಹನಿ ಕುಡಿದವಳಲ್ಲ, ಸೋಡಾ ಕೇಳುತ್ತಾಳೆ. ಇತ್ತೀಚೆಗೆ ಬಂದಾಗ ಕೌಂಟರಿನಲ್ಲಿದ್ದ ಹೊಸ ಹುಡುಗಿಗೆ ಅವಳ ಗುರುತಿರಲಿಲ್ಲ.

“ಮೊದಲ ಸಲ ಬರ್ತಿದ್ದೀರಾ ಅಮ್ಮಾ?” ಎಂದು ಕೇಳಿದಳು.

ಮಗಳು ಏನೋ ಹೇಳಲು ಬಾಯಿ ತೆರೆದಳು. ಅಕ್ಕ ಅವಳ ಮೊಣಕೈ ಅದುಮಿ, “ಹೂಂ ಕಣಮ್ಮ, ಇಲ್ಲಿ ಕೂತ್ಕೊಳ್ಳೋದು ಇತ್ತೀಚೆಗೇ, ಮುಂಚೆ ನಿಂತೇ ಇರ್ತಿದ್ದೆ” ಎಂದಳು. ಆಮೇಲೆ ಕುರ್ಚಿಗೆ ಬೆನ್ನು ಒರಗಿಸಿ, ಸೋಡಾದ ಗುಳ್ಳೆಗಳು ಇಳಿಯುವ ತನಕ ಕಾದು, ಸಣ್ಣ ಸಣ್ಣ ಗುಟುಕಿನಲ್ಲಿ ಕುಡಿಯತೊಡಗಿದಳು.